ಅಳಿಸಿಹೋದ ಸಿಸ್ಟಂ ಫೈಲುಗಳು, ಏಳದ ಗಣಕಗಳು

ವಿದ್ಯುತ್ ಹರಿದ ಕ್ಷಣದಲ್ಲಿ ಗಣಕಕ್ಕೆ ತನ್ನ ಡಿಸ್ಕಿನಲ್ಲಿ ಏನಿದೆ ಎಂಬುದೇ ತಿಳಿದಿರುವುದಿಲ್ಲ. 1981ರಲ್ಲಿ ಮಾರುಕಟ್ಟೆಗೆ ಬಂದ ಐಬಿಎಂ ಪಿಸಿಯಲ್ಲಿ ಮೊದಲು ಎಚ್ಚರಗೊಳ್ಳುತ್ತಿದ್ದುದು ಚಿಪ್ಪಿನಲ್ಲಿ ಶಾಶ್ವತವಾಗಿ ಬರೆದಿಟ್ಟಿದ್ದ ಬಯಾಸ್ ಎಂಬ ಸಣ್ಣ ಪ್ರೋಗ್ರಾಂ. ಅದು ಮೆಮೊರಿ, ಕೀಬೋರ್ಡ್ ಮುಂತಾದವನ್ನು ಪರೀಕ್ಷಿಸಿ, ಡಿಸ್ಕಿನ ಮೊದಲ ಸೆಕ್ಟರಿನ 512 ಬೈಟುಗಳನ್ನಷ್ಟೇ ಮೆಮೊರಿಗೆ ತಂದು, ಮುಂದಿನ ಕೆಲಸವನ್ನು ಆ ಬೈಟುಗಳಿಗೆ ಒಪ್ಪಿಸುತ್ತಿತ್ತು. ಬೂಟ್ ಸೆಕ್ಟರ್ ಎನ್ನಲಾಗುವ ಆ ತುಣುಕು ಮೈಕ್ರೋಸಾಫ್ಟಿನ ಡಾಸ್ ಕಾರ್ಯಾಚರಣ ವ್ಯವಸ್ಥೆಯಲ್ಲಿ ಐಒ ಡಾಟ್ ಸಿಸ್, ಎಂಎಸ್‌ಡಾಸ್ ಡಾಟ್ ಸಿಸ್ ಎಂಬ ಎರಡು ಫೈಲುಗಳನ್ನು ಹುಡುಕುತ್ತಿತ್ತು. ಅವು ಎದ್ದು ನಿಂತ ಮೇಲೆ ಕಮಾಂಡ್ ಡಾಟ್ ಕಾಮ್ ಎಂಬ ಮೂರನೆಯ ಫೈಲು ಬಂದು ಬಳಕೆದಾರನ ಆಜ್ಞೆಗಳಿಗೆ ಕಾದು ಕೂರುತ್ತಿತ್ತು. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಯಂತ್ರಕ್ಕೆ ಮುಂದಿನ ದಾರಿ ಇರಲಿಲ್ಲ.

ಕೊಂಡಿ ಕಳಚುತ್ತಿದ್ದುದು ಹೆಚ್ಚಾಗಿ ಮನುಷ್ಯರ ಕೈಯಿಂದಲೇ. ಹಾರ್ಡ್ ಡಿಸ್ಕುಗಳು 20 ಅಥವಾ 40 ಮೆಗಾಬೈಟುಗಳಷ್ಟೇ ಇದ್ದ ಆ ದಿನಗಳಲ್ಲಿ ಜಾಗಕ್ಕಾಗಿ ಫೈಲುಗಳನ್ನು ಅಳಿಸುವುದು ನಿತ್ಯದ ಕೆಲಸವಾಗಿತ್ತು, ಮತ್ತು ಯಾವ ಫೈಲು ಯಾವುದಕ್ಕೆ ಬೇಕು ಎಂಬುದನ್ನು ಹೆಸರಿನಿಂದ ಊಹಿಸುವುದು ಸುಲಭವಾಗಿರಲಿಲ್ಲ. ಮೊದಲೆರಡು ಫೈಲುಗಳಿಗೆ ‘ಮರೆಯಾದ’ ಎಂಬ ಗುರುತು ಇದ್ದುದರಿಂದ ಸಾಮಾನ್ಯ ಡಿಲೀಟ್ ಆಜ್ಞೆಗೆ ಅವು ಸಿಗುತ್ತಿರಲಿಲ್ಲ. ಕಮಾಂಡ್ ಡಾಟ್ ಕಾಮ್ ಮಾತ್ರ ಮೂಲ ಡೈರೆಕ್ಟರಿಯಲ್ಲಿ ಎಲ್ಲರ ಕಣ್ಣೆದುರಿಗೇ ಇರುತ್ತಿತ್ತು. ಅದು ಹೋಯಿತೆಂದರೆ, ಆಜ್ಞೆಗಳನ್ನು ಅರ್ಥೈಸುವ ಫೈಲು ಕೆಟ್ಟಿದೆ ಅಥವಾ ಕಾಣೆಯಾಗಿದೆ ಎಂಬ ಒಂದು ಸಾಲು ಮರುದಿನ ಪರದೆಯ ಮೇಲೆ ಮೂಡಿ, ಗಣಕ ಅಲ್ಲಿಗೇ ನಿಂತುಬಿಡುತ್ತಿತ್ತು.

ಇದಕ್ಕಿದ್ದ ಮದ್ದು ಬೂಟ್ ಫ್ಲಾಪಿ, ಎಂದರೆ ಸ್ವತಃ ಗಣಕವನ್ನು ಎಬ್ಬಿಸಬಲ್ಲ ಫೈಲುಗಳಿದ್ದ ಫ್ಲಾಪಿ ತಟ್ಟೆ. ಅದರಿಂದ ಯಂತ್ರವನ್ನು ಎಬ್ಬಿಸಿ, ಕಳೆದ ಫೈಲನ್ನು ಹಾರ್ಡ್ ಡಿಸ್ಕಿಗೆ ಮರಳಿ ಹಾಕಬೇಕಿತ್ತು. ಆದರೆ ಬರಿಯ ನಕಲು ಎಲ್ಲ ಸಂದರ್ಭಗಳಲ್ಲೂ ಸಾಲುತ್ತಿರಲಿಲ್ಲ. 512 ಬೈಟುಗಳ ಬೂಟ್ ಸೆಕ್ಟರಿಗೆ ಇಡೀ ಡಿಸ್ಕನ್ನು ತಡಕಾಡುವ ಶಕ್ತಿ ಇಲ್ಲದ ಕಾರಣ, ಹಳೆಯ ಡಾಸ್ ಆವೃತ್ತಿಗಳಲ್ಲಿ ಆ ಎರಡು ಮರೆಯಾದ ಫೈಲುಗಳು ಡೈರೆಕ್ಟರಿಯ ಮೊದಲೆರಡು ಸ್ಥಾನಗಳಲ್ಲೇ ಇರಬೇಕಿತ್ತು. ಆ ವ್ಯವಸ್ಥೆಯನ್ನು ಸರಿಯಾಗಿ ಮಾಡುವುದಕ್ಕೆಂದೇ ‘ಸಿಸ್’ ಎಂಬ ಪ್ರತ್ಯೇಕ ಆಜ್ಞೆ ಇತ್ತು. ಫ್ಲಾಪಿಯ ಡಾಸ್ ಆವೃತ್ತಿಯೂ ಹಾರ್ಡ್ ಡಿಸ್ಕಿನ ಆವೃತ್ತಿಯೂ ಹೊಂದಿಕೆಯಾಗದಿದ್ದರೆ ಪಟ್ಟ ಶ್ರಮ ವ್ಯರ್ಥವಾಗುತ್ತಿತ್ತು. ಇಷ್ಟು ತೊಡಕಿದ್ದರೂ ಆ ಕಾಲದ ಬಳಕೆದಾರನಿಗೆ ತನ್ನ ಯಂತ್ರ ಯಾವ ಮೂರು ಫೈಲುಗಳ ಮೇಲೆ ನಿಂತಿದೆ ಎಂಬುದು ಗೊತ್ತಿತ್ತು. ಆ ತಿಳಿವಳಿಕೆಯನ್ನು ಮುಂದಿನ ಎರಡು ದಶಕಗಳು ಅವನ ಕೈಯಿಂದ ಮೆಲ್ಲನೆ ತೆಗೆದುಕೊಂಡವು.

ಅಳಿಸಿದ್ದನ್ನೇ ಮರಳಿ ಪಡೆಯುವ ಇನ್ನೊಂದು ದಾರಿಯೂ ಇತ್ತು. ಡಾಸ್ ಒಂದು ಫೈಲನ್ನು ಅಳಿಸುವಾಗ ಅದರ ಒಳಗಿನ ಮಾಹಿತಿಯನ್ನು ಮುಟ್ಟುತ್ತಿರಲಿಲ್ಲ. ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ ಒಂದು ವಿಶೇಷ ಚಿಹ್ನೆಯನ್ನಿಟ್ಟು, ಫೈಲು ಆಕ್ರಮಿಸಿದ್ದ ಜಾಗ ಖಾಲಿಯೆಂದು ಡಿಸ್ಕಿನ ಲೆಕ್ಕದಲ್ಲಿ ಬರೆದುಕೊಳ್ಳುತ್ತಿತ್ತು. ಆ ಜಾಗಕ್ಕೆ ಹೊಸದೇನೂ ಬೀಳುವ ಮೊದಲೇ ಎಚ್ಚೆತ್ತರೆ ಫೈಲನ್ನು ಬದುಕಿಸಬಹುದಿತ್ತು. ಪೀಟರ್ ನಾರ್ಟನ್ 1982ರಲ್ಲಿ ತಂದ ನಾರ್ಟನ್ ಯುಟಿಲಿಟೀಸ್ ಹೆಸರಾದದ್ದು ಮುಖ್ಯವಾಗಿ ಈ ಕಾರಣದಿಂದ. 1991ರ ಡಾಸ್ 5ರಲ್ಲಿ ಮೈಕ್ರೋಸಾಫ್ಟ್ ಕೂಡ ‘ಅನ್‌ಡಿಲೀಟ್’ ಆಜ್ಞೆಯನ್ನು ಸೇರಿಸಿತು. ಕಳೆದುಹೋದ ಮೊದಲ ಅಕ್ಷರ ಯಾವುದೆಂದು ಆ ಆಜ್ಞೆ ಬಳಕೆದಾರನನ್ನೇ ಕೇಳುತ್ತಿತ್ತು.

ದೊಡ್ಡ ಯಂತ್ರಗಳ ಜಗತ್ತಿನಲ್ಲಿ ಇದೇ ವಿಪತ್ತು ಬೇರೆ ರೂಪದಲ್ಲಿ ಬಂತು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಯೂನಿಕ್ಸ್ ಗಣಕವೊಂದರಲ್ಲಿ ಎಲ್ಲವನ್ನೂ ಅಳಿಸುವ ಆಜ್ಞೆ ತಪ್ಪಾಗಿ ಮೂಲ ಡೈರೆಕ್ಟರಿಯಲ್ಲೇ ಓಡಿ, ನಡುವೆ ತಡೆಯುವಷ್ಟರಲ್ಲಿ ಮುಖ್ಯ ಫೈಲುಗಳು ಹೋಗಿದ್ದುದನ್ನು ಮಾರಿಯೊ ವೋಲ್ಚ್‌ಕೊ 1986ರಲ್ಲಿ ದಾಖಲಿಸಿದರು. ಅಲ್ಲಿದ್ದವರು ಮಾಡಿದ ವಿವೇಕದ ಕೆಲಸವೆಂದರೆ ಗಣಕವನ್ನು ಆರಿಸದೇ ಇದ್ದದ್ದು. ಆರಿಸಿದ್ದರೆ ಅದು ಮತ್ತೆ ಏಳುತ್ತಿರಲಿಲ್ಲ, ಆದರೆ ಮೆಮೊರಿಯಲ್ಲಿ ಆಗಲೇ ಓಡುತ್ತಿದ್ದ ಪ್ರೋಗ್ರಾಂಗಳಿಗೆ ಡಿಸ್ಕಿನ ಫೈಲು ಹೋದದ್ದರಿಂದ ಕೂಡಲೇ ಬಾಧೆಯಿರಲಿಲ್ಲ. ತೆರೆದೇ ಇದ್ದ ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕವನ್ನು ಆಧಾರವಾಗಿಟ್ಟುಕೊಂಡು, ಯಂತ್ರಭಾಷೆಯ ಪುಟ್ಟ ಪ್ರೋಗ್ರಾಂ ಒಂದನ್ನು ಕೈಯಾರೆ ರಚಿಸಿ, ಅವರು ವ್ಯವಸ್ಥೆಯನ್ನು ಹಂತಹಂತವಾಗಿ ಮರಳಿ ಕಟ್ಟಿದರು. ದುರಸ್ತಿಯ ಚರಿತ್ರೆಯಲ್ಲಿ ಇದಕ್ಕಿಂತ ಧೀರವಾದ ಪ್ರಸಂಗ ಸಿಗುವುದು ಕಷ್ಟ.

1990ರ ದಶಕದ ಕೊನೆಯ ಹೊತ್ತಿಗೆ ವಿಂಡೋಸ್ ಸಾವಿರಾರು ಫೈಲುಗಳ ಕಾಡಾಗಿ ಬೆಳೆದಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಿಡಿಭಾಗಗಳನ್ನು ಕೊಂಡು ಜೋಡಿಸಿದ ಗಣಕಗಳಿಗೆ, ಯಾವ ಫೈಲು ಹೋಗಿದೆ ಎಂದು ಹುಡುಕುವುದಕ್ಕಿಂತ ಡಿಸ್ಕನ್ನು ಒರೆಸಿ ವಿಂಡೋಸನ್ನು ಹೊಸದಾಗಿ ಹಾಕುವುದೇ ಸುಲಭದ ಚಿಕಿತ್ಸೆಯೆನಿಸಿ, ‘ಫಾರ್ಮ್ಯಾಟ್ ಮಾಡಿಸುವುದು’ ಕನ್ನಡದ ನಿತ್ಯದ ಮಾತಾಯಿತು. ಈ ಚಿಕಿತ್ಸೆ ಕನ್ನಡದ ಕಡತಗಳಿಗೆ ವಿಶೇಷವಾಗಿ ದುಬಾರಿಯಾಗಿತ್ತು. ಯೂನಿಕೋಡ್ ಬಳಕೆಗೆ ಬರುವ ಮುನ್ನ ಬರಹ, ನುಡಿ ಮೊದಲಾದ ತಂತ್ರಾಂಶಗಳ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ರೂಪಗಳನ್ನು ತೊಡಿಸುತ್ತಿದ್ದವು. ಹೀಗಾಗಿ ಕಡತ ಉಳಿದರೂ ಫಾಂಟನ್ನು ಮತ್ತೆ ಹಾಕಿಕೊಳ್ಳುವವರೆಗೆ ಪರದೆಯ ಮೇಲೆ ಅರ್ಥವಿಲ್ಲದ ರೋಮನ್ ಅಕ್ಷರಗಳೇ ಕಾಣುತ್ತಿದ್ದವು.

ಯಂತ್ರ ತನ್ನನ್ನು ತಾನೇ ಕಾಯಬೇಕೆಂಬ ವಿಚಾರ ಬಲಗೊಂಡದ್ದು 2000ದಲ್ಲಿ. ಆ ವರ್ಷದ ವಿಂಡೋಸ್ 2000, ಮುಖ್ಯ ಫೈಲುಗಳ ಪ್ರತಿಗಳನ್ನು ಬೇರೊಂದು ಫೋಲ್ಡರಿನಲ್ಲಿಟ್ಟುಕೊಂಡು, ಅಂಥ ಫೈಲನ್ನು ಯಾರಾದರೂ ಅಳಿಸಿದ ಕೂಡಲೇ ತಾನಾಗಿಯೇ ಮರಳಿ ಹಾಕುತ್ತಿತ್ತು. ಆದರೆ ವ್ಯವಸ್ಥೆ ಏಳುವ ಮುನ್ನವೇ ಬೇಕಾಗುವ ಫೈಲೇ ಇಲ್ಲವಾದರೆ ಕಾವಲುಗಾರನೂ ಏಳುವಂತಿರಲಿಲ್ಲ. ಎನ್‌ಟಿಎಲ್‌ಡಿಆರ್ ಎಂಬ ಫೈಲು ಕಾಣೆಯಾಗಿದೆ ಎಂಬ ಸಂದೇಶ ಆ ತಲೆಮಾರಿನ ಅನೇಕರ ನೆನಪಿನಲ್ಲಿ ಉಳಿದಿರುವುದು ಇದರಿಂದಲೇ. ಅದಕ್ಕೆ ಮತ್ತೆ ಹೊರಗಿನ ನೆರವೇ ಬೇಕಾಗಿತ್ತು: ವಿಂಡೋಸ್ ಸಿಡಿಯಿಂದ ಗಣಕವನ್ನು ಎಬ್ಬಿಸಿ, ರಿಕವರಿ ಕನ್ಸೋಲ್ ಎಂಬ ಆಜ್ಞಾಪರದೆಗೆ ಹೋಗಿ, ಸಿಡಿಯಲ್ಲಿದ್ದ ಪ್ರತಿಯನ್ನು ನಕಲು ಮಾಡಬೇಕಿತ್ತು. ಅದೇ ವರ್ಷ ಜರ್ಮನಿಯ ಕ್ಲೌಸ್ ಕ್ನೋಪರ್ ಹೊರತಂದ ನಾಪಿಕ್ಸ್, ಹಾರ್ಡ್ ಡಿಸ್ಕನ್ನು ಮುಟ್ಟದೆ ಇಡೀ ಲಿನಕ್ಸನ್ನು ಸಿಡಿಯಿಂದಲೇ ಓಡಿಸಿ, ದುರಸ್ತಿಗಾರರ ಅಚ್ಚುಮೆಚ್ಚಿನ ಸಾಧನವಾಯಿತು.

ಕಾವಲು ಯಂತ್ರಕ್ಕೆ ಸೇರುತ್ತಿದ್ದ ಹಾಗೆ ಬಳಕೆದಾರನ ತಿಳಿವಳಿಕೆ ಎಷ್ಟು ತೆಳುವಾಗಿತ್ತು ಎಂಬುದನ್ನು 2001 ಮತ್ತು 2002ರ ಎರಡು ಸುಳ್ಳು ಇಮೇಲ್‌ಗಳು ತೋರಿಸಿದವು. ಮೊದಲನೆಯದು ಉದ್ದನೆಯ ಫೈಲ್ ಹೆಸರುಗಳನ್ನು ಸರಿಪಡಿಸುವ ವಿಂಡೋಸ್ ಫೈಲೊಂದನ್ನು, ಎರಡನೆಯದು ಕರಡಿಮರಿಯ ಚಿತ್ರವಿದ್ದ ಇನ್ನೊಂದನ್ನು ವೈರಸ್ ಎಂದು ಸಾರಿತು. ಜನರು ಆ ಫೈಲುಗಳನ್ನು ಹುಡುಕಿ, ಹೇಳಿದ್ದು ಹೇಳಿದಂತೆಯೇ ಇರುವುದನ್ನು ಕಂಡು, ತಮ್ಮ ಕೈಯಾರೆ ಅಳಿಸಿ, ಸ್ನೇಹಿತರಿಗೂ ಎಚ್ಚರಿಕೆ ಕಳಿಸಿದರು. ಇವು ಹೋದರೂ ಗಣಕ ಏಳುತ್ತಿತ್ತೆಂಬುದೊಂದೇ ಸಮಾಧಾನದ ಸಂಗತಿ.

2007ರಲ್ಲಿ ಜನರ ಕೈಗೆ ಬಂದ ವಿಂಡೋಸ್ ವಿಸ್ಟಾ, ಸಿಸ್ಟಂ ಫೈಲುಗಳ ಒಡೆತನವನ್ನೇ ಬಳಕೆದಾರನಿಂದ ತೆಗೆದು ವ್ಯವಸ್ಥೆಯ ಆಂತರಿಕ ಸೇವೆಯೊಂದಕ್ಕೆ ಕೊಟ್ಟಿತು. ಆಪಲ್ 2015ರಲ್ಲಿ ಇದೇ ಹಾದಿ ಹಿಡಿದು, ಆಡಳಿತಾಧಿಕಾರವಿದ್ದವರೂ ಮುಖ್ಯ ಫೈಲುಗಳನ್ನು ಮುಟ್ಟದಂತೆ ತಡೆಯಿತು. ಅಳಿಸಿ ಕೆಡಿಸುವ ಯುಗ ಇಲ್ಲಿಗೆ ಬಹುಮಟ್ಟಿಗೆ ಮುಗಿಯಿತೆನ್ನಬಹುದು. ಕೆಡುಕು ಬರುವ ಬಾಗಿಲು ಮಾತ್ರ ಬದಲಾಯಿತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ದೋಷಪೂರಿತ ಫೈಲೊಂದರಿಂದ ಸುಮಾರು 85 ಲಕ್ಷ ವಿಂಡೋಸ್ ಗಣಕಗಳು ಕೆಟ್ಟು ನಿಂತವು, ಬೆಂಗಳೂರೂ ಸೇರಿದಂತೆ ಹಲವು ವಿಮಾನ ನಿಲ್ದಾಣಗಳ ಕೆಲಸ ಅಸ್ತವ್ಯಸ್ತವಾಯಿತು. ಅಲ್ಲಿ ಮದ್ದು ತಲೆಕೆಳಗಾಗಿತ್ತು: ಸೇಫ್ ಮೋಡ್‌ನಲ್ಲಿ, ಎಂದರೆ ಅತ್ಯಗತ್ಯ ಭಾಗಗಳೊಂದಿಗೆ ಮಾತ್ರ, ಗಣಕವನ್ನು ಎಬ್ಬಿಸಿ, ಸಿಸ್ಟಂ ಫೋಲ್ಡರಿನ ಒಳಗಿದ್ದ ಆ ಫೈಲನ್ನು ಅಳಿಸಬೇಕಿತ್ತು. ಡಿಸ್ಕನ್ನು ಗೂಢಲಿಪಿಯಲ್ಲಿ ಬೀಗ ಹಾಕಿಟ್ಟ ಕಡೆ ಅದಕ್ಕೂ ಮೊದಲು 48 ಅಂಕಿಗಳ ಕೀಲಿಯನ್ನು ಹುಡುಕಿ ತರಬೇಕಿದ್ದುದರಿಂದ, ತಂತ್ರಜ್ಞರು ಅನೇಕ ಕಡೆ ಒಂದೊಂದು ಯಂತ್ರದ ಮುಂದೂ ಹೋಗಿ ಕೂತು ಕೆಲಸ ಮಾಡಬೇಕಾಯಿತು. ಅದೇ ವರ್ಷದ ನವೆಂಬರಿನಲ್ಲಿ ಮೈಕ್ರೋಸಾಫ್ಟ್, ಏಳಲಾರದ ಗಣಕವನ್ನು ದೂರದಿಂದಲೇ ಸರಿಪಡಿಸಬಲ್ಲ ವ್ಯವಸ್ಥೆಯೊಂದನ್ನು ವಿಂಡೋಸಿಗೆ ಸೇರಿಸುವುದಾಗಿ ಪ್ರಕಟಿಸಿತು.