ಎರಡೇ ಎರಡು ಹಲ್ಲು

ಊಟಿಗೆ ಹೋದವರೆಲ್ಲ ಎಲ್ಕ್ ಹಿಲ್ ಎಂಬ ಹೆಸರನ್ನು ಕೇಳಿಯೇ ಇರುತ್ತೇವೆ. ಆದರೆ ನಮ್ಮ ನೀಲಗಿರಿಯಲ್ಲಿ ಎಲ್ಕ್ ಎಂಬ ಪ್ರಾಣಿಯೇ ಇಲ್ಲ. ಇಲ್ಲಿರುವುದು ಕಡವೆ. ಹಿಂದೆ ಬ್ರಿಟಿಷ್ ಬೇಟೆಗಾರರು ಕಡವೆಯನ್ನೇ ಎಲ್ಕ್ ಎಂದು ಕರೆಯುತ್ತಿದ್ದರು. ನಿಜವಾದ ಎಲ್ಕ್ ಇರುವುದು ಅಮೆರಿಕದಲ್ಲಿ ಮತ್ತು ಏಷ್ಯಾದ ಉತ್ತರ ಭಾಗದಲ್ಲಿ. ಅದಕ್ಕೆ ವಾಪಿಟಿ ಎಂಬ ಇನ್ನೊಂದು ಹೆಸರೂ ಇದೆ. ನಮ್ಮ ಕಡವೆಗೆ ಅದು ದಾಯಾದಿ, ಆದರೆ ಅದಕ್ಕಿಂತ ದೊಡ್ಡದು. ಈ ಸಲ ನಾವು ಬರೆಯುತ್ತಿರುವುದು ಆ ಎಲ್ಕಿನ ಬಾಯಲ್ಲಿರುವ ಎರಡು ಹಲ್ಲುಗಳ ಕಥೆ.

ಎಲ್ಕಿನ ಮೇಲ್ದವಡೆಯಲ್ಲಿ ಆಚೆಗೊಂದು ಈಚೆಗೊಂದು ಕೋರೆಹಲ್ಲು ಇರುತ್ತದೆ. ಗಂಡಿಗೂ ಇದೆ, ಹೆಣ್ಣಿಗೂ ಇದೆ. ಹೆಬ್ಬೆರಳ ತುದಿಯಷ್ಟು ಗಾತ್ರ, ತುದಿ ದುಂಡಗೆ. ಬಹಳ ಹಿಂದೆ ಈ ಪ್ರಾಣಿಯ ಪೂರ್ವಜರಿಗೆ ಹೊರಗೆ ಚಾಚಿದ ಕೋರೆದಾಡೆಗಳಿದ್ದವು, ಅದರ ಉಳಿಕೆಯೇ ಇದು. ಆನೆಯ ದಂತದ ಹಾಗೆ ಉಜ್ಜಿದರೆ ಹೊಳೆಯುತ್ತದೆ. ತಿನ್ನುವ ಸೊಪ್ಪುಸದೆಯ ಕಲೆ ಹತ್ತಿ, ವಯಸ್ಸಾದಂತೆ ನಡುವೆ ಜೇನಿನಂಥ ಕಂದು ಬಣ್ಣ ಬರುತ್ತದೆ. ಇಂದು ಅಲ್ಲಿನ ಬೇಟೆಗಾರರು ಪರವಾನಗಿ ಪಡೆದು ಎಲ್ಕ್ ಹೊಡೆದರೆ, ಮಾಂಸವನ್ನು ಚಳಿಗಾಲಕ್ಕೆ ಇಟ್ಟುಕೊಂಡು ಹಲ್ಲನ್ನು ಅಕ್ಕಸಾಲಿಗನಿಗೆ ಕೊಡುತ್ತಾರೆ. ಉಂಗುರ, ಓಲೆ, ಪದಕ, ಟೈಗೆ ಹಾಕುವ ಪಿನ್ನು ಎಲ್ಲವೂ ಆಗುತ್ತದೆ. ಮೊದಲ ಬೇಟೆಯ ಹಲ್ಲನ್ನು ಹೆಂಡತಿಗೆ ಅಥವಾ ಮಗಳಿಗೆ ಕೊಡುವವರಿದ್ದಾರೆ. ಕೆಲವರು ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಇಟ್ಟು ಗೋಡೆಗೆ ತೂಗುಹಾಕುತ್ತಾರೆ.

ಇದು ಹೊಸ ಹುಚ್ಚಲ್ಲ. ಸೈಬೀರಿಯಾದ ಡೆನಿಸೋವಾ ಗುಹೆಯಲ್ಲಿ ತೂತು ಕೊರೆದ ಒಂದು ಎಲ್ಕ್ ಹಲ್ಲು ಸಿಕ್ಕಿತು. ಜರ್ಮನಿಯ ವಿಜ್ಞಾನಿಗಳು ಆ ಹಲ್ಲನ್ನು ಒಡೆಯದೆ, ಪುಡಿ ಮಾಡದೆ, ಅದರೊಳಗೆ ಇಳಿದಿದ್ದ ಮನುಷ್ಯರ ಡಿಎನ್‌ಎ ಹೊರತೆಗೆದರು. 2023ರಲ್ಲಿ ಆ ವರದಿ ಬಂತು. ಅದನ್ನು ಮಾಡಿದ್ದೋ ತೊಟ್ಟಿದ್ದೋ ಒಬ್ಬ ಹೆಂಗಸು, ಕಾಲ ಸುಮಾರು 19,000ದಿಂದ 25,000 ವರ್ಷಗಳ ಹಿಂದೆ. ಕೊರಳ ಬೆವರು ಅಷ್ಟು ವರ್ಷ ಉಳಿಯಿತಲ್ಲ ಎಂದು ಓದಿದಾಗ ನಾವು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು.

ಆದರೆ ಈ ಹಲ್ಲಿಗೆ ನಿಜವಾದ ಮರ್ಯಾದೆ ತಂದವರು ಅಮೆರಿಕದ ಬಯಲುನಾಡಿನ ಮೂಲನಿವಾಸಿಗಳು, ಅದರಲ್ಲೂ ಈಗಿನ ಮೊಂಟಾನಾ ರಾಜ್ಯದ ಕ್ರೋ ಜನ. ಅವರ ಹೆಂಗಸರ ಹಬ್ಬದ ಉಡುಪು ಕೆಂಪು ಅಥವಾ ನೀಲಿ ಉಣ್ಣೆಬಟ್ಟೆಯದು. ಅದರ ಎದೆ, ಬೆನ್ನು, ತೋಳುಗಳ ಮೇಲೆಲ್ಲ ಸಾಲುಸಾಲಾಗಿ ಎಲ್ಕ್ ಹಲ್ಲು ಹೊಲಿದಿರುತ್ತಾರೆ. ಲೆಕ್ಕ ಹಾಕಿ ನೋಡಿ. ಒಂದು ಪ್ರಾಣಿಗೆ ಎರಡೇ ಹಲ್ಲು. ಮುನ್ನೂರು ಹಲ್ಲಿನ ಒಂದು ಉಡುಪಿಗೆ ನೂರೈವತ್ತು ಎಲ್ಕ್ ಬೇಕು. ಅದು ಒಂದು ವರ್ಷದ ಕೆಲಸವಲ್ಲ. ಅಪ್ಪ, ಅಣ್ಣತಮ್ಮಂದಿರು, ಗಂಡ ವರ್ಷಗಟ್ಟಲೆ ಬೇಟೆಯಾಡಿ ಕೂಡಿಟ್ಟದ್ದು. ನಮ್ಮಲ್ಲಿ ಅಜ್ಜಿಯ ಕಾಲದ ಸರ ಮೊಮ್ಮಗಳಿಗೆ ಬರುವ ಹಾಗೆ ಅದೂ ಮನೆತನದ ಆಸ್ತಿ. ಪ್ರಾಣಿಯ ಮಾಂಸ ಊಟವಾಯಿತು, ತೊಗಲು ಬಟ್ಟೆಯಾಯಿತು, ಕೊಂಬು ಹತಾರವಾಯಿತು. ಉಳಿದ ಎರಡು ಹಲ್ಲು ಉಡುಪಿಗೆ ಬಂತು. ಉಡುಪು ನೋಡಿದರೆ ಆ ಮನೆಯ ಗಂಡಸರು ಎಂಥ ಬೇಟೆಗಾರರು, ಆ ಹೆಣ್ಣಿನ ಮೇಲೆ ಅವರಿಗೆ ಎಷ್ಟು ಅಕ್ಕರೆ ಎಂಬುದು ಊರಿಗೆಲ್ಲ ತಿಳಿಯುತ್ತಿತ್ತು.

ಹಲ್ಲು ಸಾಲದಿದ್ದಾಗ ಏನು ಮಾಡುತ್ತಿದ್ದರು? ಮೂಳೆಯನ್ನು ಅದೇ ಆಕಾರಕ್ಕೆ ಕೆತ್ತಿ ನಿಜವಾದ ಹಲ್ಲುಗಳ ನಡುವೆಯೇ ಹೊಲಿಯುತ್ತಿದ್ದರು. ಮ್ಯೂಸಿಯಮ್ಮುಗಳಲ್ಲಿರುವ ಹಳೆಯ ಉಡುಪುಗಳಲ್ಲಿ ಹೀಗೆ ಎರಡೂ ಬೆರೆತಿರುವುದುಂಟು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇದೇ ಹಲ್ಲು ನಗರಕ್ಕೆ ಬಂದಾಗ ಕಥೆ ಬೇರೆಯಾಯಿತು. 1868ರಲ್ಲಿ ನ್ಯೂಯಾರ್ಕಿನಲ್ಲಿ ನಾಟಕದವರು ಸೇರಿ ಎಲ್ಕ್ಸ್ ಎಂಬ ಸೋದರ ಸಂಘವೊಂದನ್ನು ಕಟ್ಟಿದರು. ಒಬ್ಬರಿಗೊಬ್ಬರು ನೆರವಾಗುವುದು, ದಾನಧರ್ಮ ಮಾಡುವುದು ಅದರ ಕೆಲಸ. ಸಂಘ ಬೆಳೆಯಿತು, ಊರೂರಿಗೆ ಶಾಖೆ ಬಂತು. ಹೆಸರಿಗೆ ತಕ್ಕಂತೆ ಸದಸ್ಯರು ಗಡಿಯಾರದ ಸರಪಳಿಗೆ ಚಿನ್ನದ ಕಟ್ಟು ಹಾಕಿಸಿದ ಎಲ್ಕ್ ಹಲ್ಲನ್ನು ತೂಗುಬಿಟ್ಟುಕೊಳ್ಳತೊಡಗಿದರು. ಅವರಲ್ಲಿ ಯಾರೂ ಕೆಟ್ಟವರಲ್ಲ. ಆದರೆ ಸಾವಿರಾರು ಜನಕ್ಕೆ ಹಲ್ಲು ಬೇಕೆಂದರೆ ಬೆಲೆ ಏರದೆ ಇರುತ್ತದೆಯೇ? ವಯೋಮಿಂಗಿನ ಜಾಕ್ಸನ್ ಹೋಲ್ ಕಣಿವೆಯಲ್ಲಿ, ಯೆಲ್ಲೋಸ್ಟೋನ್ ಉದ್ಯಾನದ ಅಂಚಿನಲ್ಲಿ ಹಲ್ಲಿಗಾಗಿಯೇ ಬೇಟೆಯಾಡುವ ಗುಂಪುಗಳು ಹುಟ್ಟಿದವು. ಎಲ್ಕ್ ಹೊಡೆಯುವುದು, ಎರಡು ಹಲ್ಲು ಕೀಳುವುದು, ಉಳಿದ ಇಡೀ ದೇಹವನ್ನು ಹಿಮದಲ್ಲೇ ಬಿಟ್ಟು ಹೋಗುವುದು. ಹೆಜ್ಜೆಗುರುತು ಸಿಗದಿರಲೆಂದು ಬೂಟಿನಡಿಗೆ ಎಲ್ಕಿನ ಗೊರಸು ಕಟ್ಟಿಕೊಂಡು ನಡೆಯುತ್ತಿದ್ದರು ಎಂದು ಆ ಕಡೆ ಈಗಲೂ ಹೇಳುತ್ತಾರೆ.

ಕೊನೆಗೆ 1906ರ ಹೊತ್ತಿಗೆ ಜಾಕ್ಸನ್ ಹೋಲಿನ ರೈತರೇ ಒಟ್ಟಾಗಿ ಆ ಗುಂಪಿಗೆ ಊರು ಬಿಡಲು ಎಚ್ಚರಿಕೆ ಕೊಟ್ಟರು. ಸರ್ಕಾರ ಬರುವ ತನಕ ಕಾಯಲಿಲ್ಲ. ಮುಂದಿನ ಕಠಿಣ ಚಳಿಗಾಲಗಳಲ್ಲಿ ಮೇವಿಲ್ಲದೆ ಎಲ್ಕ್‌ಗಳು ಸಾಯತೊಡಗಿದಾಗ ಅದೇ ಜನ ಹುಲ್ಲು ಹಾಕಿದರು. ಸ್ಟೀಫನ್ ಲೀಕ್ ಎಂಬ ಅಲ್ಲಿನ ನಿವಾಸಿ ಹಸಿದ ಹಿಂಡುಗಳ ಫೋಟೋ ತೆಗೆದು ದೇಶಕ್ಕೆಲ್ಲ ತೋರಿಸಿದ. 1912ರಲ್ಲಿ ಅಲ್ಲಿ ಎಲ್ಕ್‌ಗಳಿಗೆಂದೇ ರಾಷ್ಟ್ರೀಯ ರಕ್ಷಿತಧಾಮವಾಯಿತು. ಹಲ್ಲು ಧರಿಸುವ ರೂಢಿಯಿಂದ ಸಂಘವೂ ಮೆಲ್ಲಗೆ ಹಿಂದೆ ಸರಿಯಿತು. ಆ ಶತಮಾನದ ಆರಂಭದಲ್ಲಿ ಒಂದು ಲಕ್ಷಕ್ಕಿಂತ ಕಡಿಮೆಗೆ ಇಳಿದಿದ್ದ ಎಲ್ಕ್ ಇಂದು ಸುಮಾರು ಹತ್ತು ಲಕ್ಷ ಇವೆ.

ಇದನ್ನು ಓದಿ ಅಮೆರಿಕದವರತ್ತ ಬೆರಳು ತೋರಿಸುವ ಮೊದಲು ನಮ್ಮ ಮನೆಗಳನ್ನೂ ಒಮ್ಮೆ ನೋಡಿಕೊಳ್ಳೋಣ. ಮಗುವಿನ ಕೊರಳಿಗೆ ಹುಲಿಯುಗುರಿನ ಪದಕ, ಪಡಸಾಲೆಯ ಗೋಡೆಗೆ ಕಡವೆಯ ಕೊಂಬು ನಮ್ಮ ಕಡೆಯೂ ಇದ್ದದ್ದೇ. 1972ರ ವನ್ಯಜೀವಿ ಕಾಯ್ದೆಯ ನಂತರ ಅದು ಅಪರಾಧ. ಅಲ್ಲಿ ಪರವಾನಗಿಯಿಂದ ಹೊಡೆದ ಎಲ್ಕಿನ ಹಲ್ಲನ್ನು ಉಂಗುರ ಮಾಡಿಸಬಹುದು. ಇಲ್ಲಿ ಕಾಡಿನಲ್ಲಿ ತಾನಾಗಿ ಉದುರಿ ಬಿದ್ದ ಕಡವೆ ಕೊಂಬನ್ನೂ ಎತ್ತಿ ಮನೆಗೆ ತರುವಂತಿಲ್ಲ. ಟ್ರೆಕ್ಕಿಂಗ್ ಹೋಗುವ ತಮ್ಮಂದಿರು ಇದನ್ನು ಗಮನಿಸಬೇಕು.

ಕ್ರೋ ಜನ ಮಾತ್ರ ತಮ್ಮ ಉಡುಪನ್ನು ಬಿಡಲಿಲ್ಲ. ಪ್ರತಿ ಆಗಸ್ಟಿನಲ್ಲಿ ಮೊಂಟಾನಾದಲ್ಲಿ ಅವರ ದೊಡ್ಡ ಜಾತ್ರೆ ನಡೆಯುತ್ತದೆ. ಬೆಳಗಿನ ಮೆರವಣಿಗೆಯಲ್ಲಿ ಅಜ್ಜಿಯರೂ ಪುಟ್ಟ ಹುಡುಗಿಯರೂ ಆ ಕೆಂಪು ನೀಲಿ ಉಡುಪು ತೊಟ್ಟು ಕುದುರೆ ಏರಿ ಬರುತ್ತಾರೆ. ಎದೆಯ ಮೇಲಿನ ಹಲ್ಲುಗಳಲ್ಲಿ ಕೆಲವು ಮುತ್ತಜ್ಜಿಯ ಕಾಲದ ನಿಜವಾದವು, ಕೆಲವು ಮೂಳೆಯವು, ಬಹಳಷ್ಟು ಪ್ಲಾಸ್ಟಿಕ್ಕಿನವು. ಕುದುರೆ ಹೆಜ್ಜೆ ಹಾಕಿದಾಗ ಎಲ್ಲವೂ ಒಟ್ಟಿಗೇ ಕಟಕಟ ಎನ್ನುತ್ತವೆ.