ಕೌಂಟಿ

ಈ ಪದವನ್ನು ಕನ್ನಡಿಗರಿಗೆ ಪರಿಚಯಿಸಿದ್ದು ಬಹುಮಟ್ಟಿಗೆ ಕ್ರಿಕೆಟ್. ಲ್ಯಾಟಿನ್‌ನ ‘ಕೋಮೆಸ್’ ಎಂದರೆ ಜೊತೆಗಾರ. ದೊರೆಯ ಜೊತೆಗಾರ ಕಾಲಕ್ರಮದಲ್ಲಿ ‘ಕೌಂಟ್’ ಎಂಬ ಪಾಳೆಯಗಾರನಾದ. ಅವನ ಸೀಮೆಯೇ ಕೌಂಟಿ. ನಾರ್ಮನ್ನರ ಜೊತೆ ಇಂಗ್ಲೆಂಡಿಗೆ ಬಂದ ಪದ ವಲಸಿಗರೊಡನೆ ಅಮೆರಿಕಕ್ಕೂ ಹೋಯಿತು. ಕೌಂಟ್‌ಗಳೇ ಇಲ್ಲದ ಆ ದೇಶದಲ್ಲಿ ಈಗ ಮೂರು ಸಾವಿರಕ್ಕೂ ಹೆಚ್ಚು ಕೌಂಟಿಗಳಿವೆ!

ನೆಬ್ರಾಸ್ಕಾದ ಕಸ್ಟರ್ ಕೌಂಟಿಯನ್ನೇ ನೋಡಿ. 1877ರಲ್ಲಿ ರೂಪುಗೊಂಡ ಇದಕ್ಕೆ, ಹಿಂದಿನ ವರ್ಷವಷ್ಟೇ ಮೂಲನಿವಾಸಿಗಳೊಡನೆ ಕಾದಾಡಿ ಸತ್ತ ಸೇನಾಧಿಕಾರಿಯ ಹೆಸರು. ಮೂಲನಿವಾಸಿಗಳನ್ನು ಒಕ್ಕಲೆಬ್ಬಿಸಿದ ನೆಲವದು. 1862ರ ಹೋಮ್‌ಸ್ಟೆಡ್ ಕಾಯಿದೆಯಂತೆ ಐದು ವರ್ಷ ನೆಲೆಸಿ ಉತ್ತವರಿಗೆ 160 ಎಕರೆ. ಮರವಿಲ್ಲದ ಬಯಲಾದ್ದರಿಂದ ಹಾಗೆ ಬಂದವರು ಹುಲ್ಲಿನ ಬೇರು ಹೆಣೆದ ಮಣ್ಣನ್ನೇ ನೇಗಿಲಿನಿಂದ ಪಟ್ಟಿಪಟ್ಟಿಯಾಗಿ ಸೀಳಿ, ಹೆಂಟೆ ಪೇರಿಸಿ ಗೋಡೆ ಎಬ್ಬಿಸಿದರು. ಮಳೆ ಬಂದರೆ ಸೂರು ಕೆಸರು ಸುರಿಸುತ್ತಿತ್ತು. 1886ರಿಂದ ಸಾಲಮನ್ ಬುಚರ್ ಎಂಬಾತ ಈ ಸಂಸಾರಗಳ ಫೋಟೋ ತೆಗೆಯುತ್ತ ಅಲೆದ. ಮಣ್ಣಿನ ಮನೆ ಚಿತ್ರದಲ್ಲಿ ಬೀಳಬಾರದೆಂದು ಒಬ್ಬ ಗೃಹಿಣಿ ತನ್ನ ಆರ್ಗನ್ ವಾದ್ಯವನ್ನು ಅಂಗಳಕ್ಕೆ ಹೊರಿಸಿ, ಅದರ ಪಕ್ಕ ನಿಂತಳಂತೆ. ನೆಂಟರ ಮುಂದೆ ಮಾನ ಉಳಿಯಬೇಕಲ್ಲ!

ಆಡಳಿತ ಕೇಂದ್ರ ಬ್ರೋಕನ್ ಬೋ, ಅಂದರೆ ಮುರಿದ ಬಿಲ್ಲು. ಕೋರ್ಟು, ಜಮೀನು ದಾಖಲೆ, ತೆರಿಗೆ ಎಲ್ಲವೂ ಅಲ್ಲೇ. 1920ರಲ್ಲಿ 26 ಸಾವಿರ ದಾಟಿದ್ದ ಜನಸಂಖ್ಯೆ 2020ರ ಹೊತ್ತಿಗೆ ಹತ್ತೂವರೆ ಸಾವಿರಕ್ಕೆ ಇಳಿದಿದೆ.

ಅನುವಾದಕರು ಕೌಂಟಿಯನ್ನು ‘ಜಿಲ್ಲೆ’ ಎನ್ನುವುದುಂಟು. ಆದರೆ ಅಲ್ಲಿ ಸರ್ಕಾರ ನೇಮಿಸುವ ಜಿಲ್ಲಾಧಿಕಾರಿ ಇಲ್ಲ. ಬಹುತೇಕ ಕೌಂಟಿಗಳಲ್ಲಿ ಪೊಲೀಸ್ ಮುಖ್ಯಸ್ಥನಾದ ಷೆರೀಫನನ್ನೂ ಜನರೇ ಆರಿಸುತ್ತಾರೆ. ಕೌಂಟಿಯನ್ನು ಕೌಂಟಿ ಎಂದೇ ಬರೆಯುವುದು ವಾಸಿ.