ತಮಟೆಯನ್ನು ಬಿಟ್ಟು ಬರೆದ ಫ್ಯೂಷನ್ ಚರಿತ್ರೆ

ರಾಕ್, ರೆಗೆ ಬಂದು ನಮ್ಮ ಜನಪದ ಹಾಡಿಗೆ ಜೀವ ತುಂಬಿದವು ಎಂದು ಕನ್ನಡದ ಫ್ಯೂಷನ್ ಬ್ಯಾಂಡುಗಳ ಬಗೆಗಿನ ಬರಹಗಳು ಮತ್ತೆ ಮತ್ತೆ ಹೇಳುತ್ತಿವೆ. ಹೋರಾಟದ ಹಾಡುಗಳ ಜೊತೆಗೇ ಬೆಳೆದ ನನಗೆ ಈ ಮಾತು ಒಪ್ಪಿಗೆಯಿಲ್ಲ.

ರೆಗೆ ಜಮೈಕಾದಲ್ಲಿ ಮೆಂಟೊ, ಸ್ಕಾ, ರಾಕ್‌ಸ್ಟೆಡಿಗಳನ್ನು ದಾಟಿ 1968ರ ಹೊತ್ತಿಗೆ ರೂಪ ಪಡೆಯಿತು. 1981ರಲ್ಲಿ ಬಾಬ್ ಮಾರ್ಲೆ ತೀರಿಕೊಳ್ಳುವಷ್ಟರಲ್ಲಿ ಲೋಕವನ್ನೇ ಸುತ್ತಿತ್ತು. ಗಿಟಾರು ಎರಡನೆಯ, ನಾಲ್ಕನೆಯ ಪೆಟ್ಟಿನ ಮೇಲೆ ಚುಟುಕಾಗಿ ನುಡಿಯುತ್ತದೆ. ಡ್ರಮ್ಮು ಮೊದಲ ಪೆಟ್ಟನ್ನು ಖಾಲಿ ಬಿಟ್ಟು ಮೂರನೆಯದರ ಮೇಲೆ ಬೀಳುತ್ತದೆ. ಹಾಡನ್ನು ಹೊತ್ತು ನಡೆಯುವುದು ಬೇಸ್. ಈ ಲಯಕ್ಕೆ ರಸ್ತಫಾರಿಗಳ ನ್ಯಾಬಿಂಗಿ ಡೋಲುಗಳೂ ಬೇರು. ನಮ್ಮವರು ರೆಗೆಯ ಕುಣಿತವನ್ನು ಹೊಗಳುತ್ತಾರೆ, ಆ ಬಡವರ ಡೋಲನ್ನು ಮರೆಯುತ್ತಾರೆ.

ನಮ್ಮಲ್ಲಿ ಆ ಡೋಲಿನ ಜಾಗದಲ್ಲಿದ್ದದ್ದು ತಮಟೆ. 1975ರಲ್ಲಿ ‘ಹೊಲೆಮಾದಿಗರ ಹಾಡು’ ಕವನ ಸಂಕಲನ ತಂದ ಕವಿ ಸಿದ್ದಲಿಂಗಯ್ಯ ಮಾಗಡಿ ತಾಲ್ಲೂಕಿನ ಮಂಚನಬೆಲೆಯವರು. ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ, ಜಾಥಾಗಳಲ್ಲಿ ಅವರ ಹಾಡುಗಳು ತಮಟೆಯ ಜೊತೆ ಕೇರಿಯಿಂದ ಕೇರಿಗೆ ಹೋದವು. ಸಾವಿಗೆ, ಊರಲ್ಲಿ ಸಾರುವುದಕ್ಕೆ, ತೇರಿನ ಮುಂದೆ ಬಿಟ್ಟಿಯಾಗಿ ಬಡಿಸಿಕೊಂಡಿದ್ದ ವಾದ್ಯ ಅಲ್ಲಿ ತಲೆಯೆತ್ತಿ ನಿಂತಿತು. ಬೆಂಕಿಗೆ ಚರ್ಮ ಕಾಯಿಸಿ ಬಿಗಿ ಮಾಡಿಕೊಂಡ ಮೇಲೆ ದಪ್ಪ ಕೋಲು ನಡೆಯನ್ನು ಹಿಡಿಯುತ್ತದೆ, ಸಣ್ಣ ಕಡ್ಡಿ ಅದರ ಸಂದುಗಳಲ್ಲಿ ಮಾತಾಡುತ್ತದೆ. ಬಾರಿಸುವವನ ಕಾಲೂ ಸುಮ್ಮನಿರುವುದಿಲ್ಲ. ಕೋಲಾರದ ಪಿಚ್ಚಳ್ಳಿ ಶ್ರೀನಿವಾಸ್, ಮೈಸೂರಿನ ಜನ್ನಿ ಹಾಡಿದ್ದನ್ನು ಕೇಳಿ ಕಲಿತ ನನ್ನ ತಲೆಮಾರಿಗೆ ಲಯವೆಂದರೆ ಅಲಂಕಾರವಾಗಿರಲಿಲ್ಲ, ಹಕ್ಕಿನ ಮಾತಾಗಿತ್ತು. ಕನ್ನಡ ಫ್ಯೂಷನ್ನಿನ ಚರಿತ್ರೆಯನ್ನು ಇಲ್ಲಿಂದಲೇ ಶುರುಮಾಡಬೇಕು.

ಬ್ಯಾಂಡುಗಳ ಕಾಲ ಆಮೇಲಿನದು. 2008ರ ತಮ್ಮ ಮೊದಲ ಆಲ್ಬಂನಲ್ಲಿ ರಘು ದೀಕ್ಷಿತ್ ಶಿಶುನಾಳ ಷರೀಫರ ಪದಗಳನ್ನು ಗಿಟಾರಿಗೆ ಕೂಡಿಸಿದರು; ಷರೀಫರನ್ನೇ ಕೇಳದ ಹುಡುಗರ ಬಾಯಿಗೂ ಆ ಪದಗಳು ಬಂದವು, ಅದು ಸಣ್ಣ ಕೆಲಸವಲ್ಲ. ವಾಸು ದೀಕ್ಷಿತ್ ಹಾಡುವ ಸ್ವರಾತ್ಮ 2009ರಲ್ಲಿ ಮೊದಲ ಆಲ್ಬಂ, 2012ರಲ್ಲಿ ‘ಟೋಪಿವಾಲೆ’, 2018ರಲ್ಲಿ ‘ರಾಹ್-ಎ-ಫಕೀರಾ’ ತಂದಿತು. ಕಾವೇರಿ ನೀರಿನ ಜಗಳವನ್ನು ಕುರಿತ ‘ಪ್ಯಾಸಿ’ಯೇ ಅವರ ಅತ್ಯುತ್ತಮ ಹಾಡು ಎಂದು ನನ್ನ ಎಣಿಕೆ. ರಘು ಅವರದೂ ಸ್ವರಾತ್ಮವೂ ಜಾನಪದ ರಾಕ್ ತಂಡಗಳು. ರೆಗೆಯ ಹಣೆಪಟ್ಟಿ ಇವಕ್ಕೆ ಹೊಂದುವುದಿಲ್ಲ.

2017ರಲ್ಲಿ ಚೆನ್ನೈಯಲ್ಲಿ ಹುಟ್ಟಿದ ಕ್ಯಾಸ್ಟ್‌ಲೆಸ್ ಕಲೆಕ್ಟಿವ್, ಗಾನಾ ಹಾಡು ಮತ್ತು ರ‍್ಯಾಪ್ ಜೊತೆ ತಮಟೆಯಂಥದ್ದೇ ಆದ ಪರೈ ಬಾರಿಸುವವರನ್ನು ತಂಡದ ಸದಸ್ಯರನ್ನಾಗಿಯೇ ಮಾಡಿಕೊಂಡಿತು. ಕನ್ನಡದಲ್ಲಿ ಅಂಥ ತಂಡಕ್ಕೆ ನಾನಿನ್ನೂ ಕಾಯುತ್ತಿದ್ದೇನೆ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಪ್ರಶಸ್ತಿಯಷ್ಟೇ ಸಾಲದು. ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲದ ತಮಟೆ ತಂಡಗಳು ಮದುವೆ, ಜಾತ್ರೆಗಳ ಮೊಬೈಲ್ ವಿಡಿಯೊಗಳಲ್ಲಿ ಹೆಸರಿಲ್ಲದೆ ಉಳಿದಿವೆ. ಬೆಂಗಳೂರಿನ ಸ್ಟುಡಿಯೊಗಳು ಅವರನ್ನು ಕರೆಸಿ ಒಂದೊಂದು ಗತ್ತನ್ನೂ ಧ್ವನಿಮುದ್ರಿಸಲಿ. ಬಾರಿಸಿದವರ ಹೆಸರು, ಊರು ಆಲ್ಬಂನ ಮೇಲೆ ಅಚ್ಚಾಗಲಿ, ಹಾಡಿನ ಸಂಭಾವನೆಯಲ್ಲಿ ಅವರಿಗೂ ಪಾಲು ಸಿಗಲಿ.